ಕ್ರೂಸ್ ಹಡಗಿನೊಳಗೆ ನೋಟು ನಡೆಯುತ್ತಾ? ಅಪ್ಪಯ್ಯನಿಗೆ ಕಾರ್ಡ್ ಬೇಡವಂತೆ

ಅಡಿಕೆಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಕೊನೆಕೊಯ್ಲು ಮುಗಿಸಿಕೊಂಡು ಮಾರ್ಚ್‌ನಲ್ಲಿ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ಅಪ್ಪಯ್ಯ, ಅಮ್ಮ, ನಾನು, ನನ್ನ ಹೆಂಡತಿ. ನಾಲ್ವರಲ್ಲಿ ಯಾರೂ ಸಿಗಂದೂರು ಲಾಂಚ್‌ಗಿಂತ ದೊಡ್ಡದು ಹತ್ತಿದವರಲ್ಲ, ಈಗ ಸೇತುವೆಯಾಗಿ ಅದೂ ತಪ್ಪಿತು.

ಟಿಕೆಟ್ ದುಡ್ಡು ಕಟ್ಟಿ ಆಗಿದೆ. ತಕರಾರು ಇರುವುದು ಒಳಗಿನ ಖರ್ಚಿಗೆ. ಟ್ರಾವೆಲ್ಸ್‌ನವರು ಕೊಟ್ಟ ಹಾಳೆಯಲ್ಲಿ "ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕ್ರೆಡಿಟ್ ಕಾರ್ಡ್ ತನ್ನಿ" ಅಂತ ಬರೆದಿದೆ. ಅಪ್ಪಯ್ಯ ಹೇಳುವುದೇ ಬೇರೆ: "ಟಿಕೆಟ್ ನಿಂದು, ಒಳಗಿನ ಖರ್ಚು ನಂದು. ಆದ್ರೆ ಎಣಿಸಿ ಕೊಡ್ತೀನಿ, ಉಜ್ಜಲ್ಲ." ಅವರ ಹತ್ತಿರ ಇರುವುದು ಒಂದು ರುಪೇ ಡೆಬಿಟ್ ಕಾರ್ಡ್, ಅದನ್ನೂ ಕವರ್‌ನಿಂದ ತೆಗೆದಿಲ್ಲ. ನನ್ನ ಕ್ರೆಡಿಟ್ ಕಾರ್ಡ್‌ಗೆ 60 ಸಾವಿರ ಲಿಮಿಟ್, ಅದರಲ್ಲೂ ಅರ್ಧ ಇಎಂಐ ತಿಂದಿದೆ. ನಿಜವಾಗಿಯೂ ನೋಟು ಮುಟ್ಟುವುದೇ ಇಲ್ವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಂಡಗದ್ದೆ_ಹಕ್ಕಿ

ನೋಟು ಮುಟ್ಟುತ್ತಾರೆ, ಆದರೆ ಎಲ್ಲ ಕಡೆ ಅಲ್ಲ. ಗೊಂದಲ ಆಗುವುದೇ ಅಲ್ಲಿ.

ಹತ್ತುವಾಗ ತಲೆಗೊಂದು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಾರೆ. ರೂಮ್ ಬಾಗಿಲು ತೆಗೆಯುವುದಕ್ಕೂ ಅದೇ, ಖರ್ಚಿಗೂ ಅದೇ, ಬಂದರಿನಲ್ಲಿ ಇಳಿದು ಹತ್ತುವುದಕ್ಕೂ ಅದೇ. ಕಾಫಿ ತಗೊಂಡರೆ ಅದನ್ನು ತೋರಿಸುತ್ತೀರಿ, ನಿಮ್ಮ ಹೆಸರಿನ ಖಾತೆಗೆ ಬರೆಯುತ್ತಾರೆ. ಕಾಫಿ ಕೊಡುವವನಿಗೆ ನೂರು ಡಾಲರ್ ನೋಟು ಹಿಡಿದರೂ ಅವನು ನಕ್ಕು ತಲೆ ಆಡಿಸುತ್ತಾನೆ, ತಗೊಳ್ಳುವುದಿಲ್ಲ. ಆ ಖಾತೆಗೆ ಹಿಂದಿನಿಂದ ದುಡ್ಡು ಎಲ್ಲಿಂದ ಬರಬೇಕು ಅನ್ನುವುದು ಬೇರೆ ವಿಷಯ. ಕ್ರೆಡಿಟ್ ಕಾರ್ಡ್ ಜೋಡಿಸಬಹುದು, ಇಲ್ಲಾ ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ ನೋಟು ಎಣಿಸಿ ಠೇವಣಿ ಇಡಬಹುದು. ಉಳಿದದ್ದನ್ನು ಕೊನೆಗೆ ನಗದಾಗಿಯೇ ವಾಪಸ್ ಕೊಡುತ್ತಾರೆ.

ಅಪ್ಪಯ್ಯನಿಗೆ ಅಡಿಕೆ ಮಂಡಿ ಲೆಕ್ಕ ಗೊತ್ತಲ್ಲ? ವರ್ಷವಿಡೀ ಬೇಕಾದಾಗ ಮುಂಗಡ ತಗೊಂಡು, ಮಾಲು ಹೋದ ಮೇಲೆ ಚುಕ್ತಾ ಮಾಡುವುದು. ಇದು ಅದರ ಉಲ್ಟಾ. ಇಲ್ಲಿ ಮುಂಗಡ ಕೊಡುವವರು ನೀವು, ಮಾಲು ತಗೊಳ್ಳುವುದು ಆಮೇಲೆ. ಹೀಗೆ ಹೇಳಿ ನೋಡಿ, ಒಪ್ಪಬಹುದು.

ತುಂಗಾತೀರ

ಡೆಬಿಟ್ ಕಾರ್ಡ್ ಮಾತ್ರ ಕೊಡಬೇಡಿ ಮಾರಾಯ್ರೇ. ನನ್ನ ಕಥೆ ಕೇಳಿ. ಕ್ರೆಡಿಟ್ ಕಾರ್ಡ್ ಇಲ್ಲ ಅಂತ ನಾನು ವೀಸಾ ಡೆಬಿಟ್ ಕಾರ್ಡ್ ಕೊಟ್ಟೆ. ಹತ್ತಿದ ದಿನವೇ ಒಂದಷ್ಟು ಹಿಡಿದಿಟ್ಟರು. ಆಮೇಲೆ ಖರ್ಚು ಆದ ಹಾಗೆ ಇನ್ನಷ್ಟು. ಕೊನೆಯ ದಿನ ಪೂರ್ತಿ ಬಿಲ್ ಬೇರೆ ಕತ್ತರಿಸಿಕೊಂಡಿತು. ಅಂದರೆ ಮೊದಲು ಹಿಡಿದದ್ದೂ ನನ್ನ ಖಾತೆಯಲ್ಲೇ ಸತ್ತು ಕೂತಿದೆ, ಬಿಲ್ಲೂ ಹೋಗಿದೆ. ಊರಿಗೆ ಬಂದು 18 ದಿನ ಕಾದೆ. ಹಡಗಿನವರು ಬ್ಯಾಂಕ್ ಕೇಳಿ ಅಂತಾರೆ, ಬ್ಯಾಂಕಿನವರು ಹಡಗಿನವರು ಬಿಡಬೇಕು ಅಂತಾರೆ. ಆ ತಿಂಗಳು ತೋಟದ ಆಳುಗಳ ಬಟವಾಡೆಗೆ ತಮ್ಮನ ಹತ್ತಿರ ಕೈಸಾಲ ಮಾಡಿದೆ. ಯಾರೂ ಮೋಸ ಮಾಡಿದ್ದಲ್ಲ, ಪದ್ಧತಿಯೇ ಹಾಗೆ. ಕ್ರೆಡಿಟ್ ಕಾರ್ಡ್‌ನಲ್ಲಾದರೆ ಲಿಮಿಟ್ ಸ್ವಲ್ಪ ದಿನ ಕಮ್ಮಿ ಕಾಣುತ್ತೆ ಅಷ್ಟೇ, ಕೈಯಲ್ಲಿರುವ ದುಡ್ಡು ಸಿಕ್ಕಿಹಾಕಿಕೊಳ್ಳಲ್ಲ.

ಹಡಗಿನ_ಮಾಣಿ, ಸಾಗರ

ಆರು ವರ್ಷ ಇಂಥದ್ದೇ ಕೌಂಟರ್ ಹಿಂದೆ ನಿಂತವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಮೊದಲನೆಯದು, ಹಡಗು ಯಾವ ದುಡ್ಡಿನಲ್ಲಿ ಲೆಕ್ಕ ಇಡುತ್ತೆ ನೋಡಿ. ಸಿಂಗಾಪುರದಿಂದ ಹೊರಟರೂ ಅಮೆರಿಕದ ಕಂಪನಿಗಳ ಲೆಕ್ಕ ಸಾಮಾನ್ಯವಾಗಿ ಯುಎಸ್ ಡಾಲರ್, ಕೆಲವು ಏಷ್ಯಾದ ಹಡಗುಗಳದು ಸಿಂಗಾಪುರ ಡಾಲರ್. ನೋಡದೆ ನೋಟು ಕೊಂಡುಕೊಂಡು ಬಂದವರು ಹಡಗಿನ ರೇಟಿಗೆ ಬದಲಾಯಿಸಿ ಕೈ ಸುಟ್ಟುಕೊಳ್ಳುತ್ತಾರೆ. ಹರಿದ, ಗೀಚಿದ ನೋಟು ಬೇಡ. ನಮ್ಮ ಕೌಂಟರ್‌ನಲ್ಲಿ ನೂರರ ನೋಟನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಮೆಷಿನ್‌ಗೆ ಹಾಕಿ ನೋಡುತ್ತಿದ್ದೆವು, ಹಿಂದೆ ಇಪ್ಪತ್ತು ಜನ ನಿಂತಿದ್ದರೂ ಸರಿ.

ಎರಡನೆಯದು ಟಿಪ್ಸ್. ನಮ್ಮವರು ಹೆಚ್ಚು ಜಗಳ ಆಡುವುದೇ ಇದಕ್ಕೆ. ದೊಡ್ಡ ಕಂಪನಿಗಳಲ್ಲಿ ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಖಾತೆಗೆ ಬೀಳುತ್ತೆ. ನೀವು ನಾಲ್ಕು ಜನ, ನಾಲ್ಕು ರಾತ್ರಿ, 18 ಅಂತ ಹಿಡಿದರೂ 288 ಡಾಲರ್. ಒಂದು ಎಳನೀರು ಕುಡಿಯದೆ ರೂಮಿನಲ್ಲೇ ಕೂತರೂ ಅಷ್ಟು ಹೋಯಿತು. ಟಿಕೆಟ್ ಜೊತೆಗೇ ಕಟ್ಟಿದ್ದೀರಾ ಅಂತ ಮೊದಲು ಟ್ರಾವೆಲ್ಸ್‌ನವರನ್ನು ಕೇಳಿ. ಬಾರ್‌ನಲ್ಲಿ ತಗೊಳ್ಳುವುದಕ್ಕೆ ಮೇಲೆ 18-20 ಪರ್ಸೆಂಟ್ ಸರ್ವಿಸ್ ಬೇರೆ.

ಠೇವಣಿ ಖಾಲಿಯಾದರೆ ಹಡಗಿನ ಕಾರ್ಡ್ ಸುಮ್ನೆ ನಿಂತುಬಿಡುತ್ತೆ. ಒಮ್ಮೆ ಒಬ್ಬರು ಹಿರಿಯರು ಮೊಮ್ಮಗನ ಎದುರು ಐಸ್‌ಕ್ರೀಮ್ ಕಪ್ ಹಿಡಿದುಕೊಂಡು ನಿಂತಿದ್ದಾರೆ, ಕಾರ್ಡ್ ಕೆಂಪು ತೋರಿಸುತ್ತಿದೆ, ಕಪ್ ಕರಗುತ್ತಿದೆ. ಹಿಂದಿನ ದಿನವೇ ಟಿಪ್ಸ್‌ಗೆ ಎಲ್ಲ ಮುಗಿದಿತ್ತು, ಅವರಿಗೆ ಗೊತ್ತೇ ಇಲ್ಲ. ಆದ್ದರಿಂದ ದಿನಾ ರಾತ್ರಿ ರೂಮಿನ ಟಿವಿಯಲ್ಲೋ ಆ್ಯಪ್‌ನಲ್ಲೋ ಬಾಕಿ ನೋಡಿ.

ನನ್ನ ಸಲಹೆ ಇಷ್ಟು. ಹತ್ತುವಾಗ ನಿಮ್ಮ ಕ್ರೆಡಿಟ್ ಕಾರ್ಡ್ ಜೋಡಿಸಿ, ಕೊನೆಯ ರಾತ್ರಿಗೆ ಮುಂಚೆ ಕೌಂಟರ್‌ಗೆ ಹೋಗಿ ಅಪ್ಪಯ್ಯನ ನೋಟಿನಿಂದ ಬಾಕಿ ತೀರಿಸಿ. ಇದು ನಡೆಯುತ್ತೆ. ಕಾರ್ಡ್‌ನಿಂದ ಬಿಲ್ ಕತ್ತರಿಸುವುದಿಲ್ಲ, ಹಿಡಿದಿಟ್ಟದ್ದು ಮಾತ್ರ ಕೆಲವು ದಿನ ಹಾಗೇ ಇರುತ್ತೆ. ನಿಮಗಿರುವ ಅರ್ಧ ಲಿಮಿಟ್ ಸಾಲದು ಅನಿಸಿದರೆ ಮೊದಲ ದಿನವೇ ಪೂರ್ತಿ ನಗದು ಠೇವಣಿ ಇಡಿ. ಎರಡರಲ್ಲಿ ಯಾವುದಾದರೂ ಮಾಡಿ, ಕೊನೆಯ ರಾತ್ರಿ ಹತ್ತು ಗಂಟೆಗೆ ಮಾತ್ರ ಬರಬೇಡಿ. ಆ ಕ್ಯೂ ಮಾರಿಜಾತ್ರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ಐದು ನಿಮಿಷದ ಕೆಲಸ.

ಅಪ್ಪಯ್ಯನ ಹಡಗಿನ ಕಾರ್ಡ್‌ಗೆ ಖರ್ಚಿನ ಅವಕಾಶ ಬೇಡ ಅಂದರೆ ಅದನ್ನೂ ಬಂದ್ ಮಾಡಿಸಬಹುದು, ಬಾಗಿಲು ಮಾತ್ರ ತೆರೆಯುತ್ತೆ.

ಕೊಡಚಾದ್ರಿ77

ಮೇಲಿನವರು ಬಿಟ್ಟದ್ದು ಎರಡು ಮಾತು. ಡಾಲರ್ ನೋಟನ್ನು ಪರಿಚಯದವರ ಕೈಯಿಂದ ಬದಲಾಯಿಸಬೇಡಿ. ಅಧಿಕೃತ ಡೀಲರ್ ಅಥವಾ ಬ್ಯಾಂಕ್‌ನಲ್ಲೇ ತಗೊಳ್ಳಿ, ಪ್ಯಾನ್, ಪಾಸ್‌ಪೋರ್ಟ್, ಟಿಕೆಟ್ ಬೇಕು, ರಸೀದಿ ಜೋಪಾನ. ಒಬ್ಬರಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ, ನಿಮಗೆ ಅಷ್ಟು ಬೇಕಾಗಲ್ಲ ಬಿಡಿ. ಮುಖ್ಯವಾದದ್ದು, ಕೊಳ್ಳುವಾಗ ರೂಪಾಯಿಯನ್ನು ನಗದಾಗಿ ಕೊಡುವುದಕ್ಕೂ 50 ಸಾವಿರದ ಗಡಿ ಇದೆ, ಅದಕ್ಕಿಂತ ಮೇಲಾದರೆ ಚೆಕ್ ಅಥವಾ ಖಾತೆಯಿಂದಲೇ. ಅಪ್ಪಯ್ಯನ ಟ್ರಂಕ್‌ನಿಂದ ನೇರ ಬರುವ ಕಟ್ಟು ಅಲ್ಲಿ ನಡೆಯಲ್ಲ. ನನಗೆ ಶಿವಮೊಗ್ಗದ ಬ್ಯಾಂಕ್‌ನಲ್ಲಿ ನೋಟು ತರಿಸಿಕೊಡಲು ಮೂರು ದಿನ ಹಿಡಿಯಿತು, ಹೊರಡುವ ಮುಂಚಿನ ವಾರವೇ ಹೇಳಿಡಿ.

ಕಾರ್ಡ್ ಒಯ್ಯುವುದಾದರೆ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಿ. 2020ರ ಆರ್‌ಬಿಐ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ. ಸಮುದ್ರದ ಮಧ್ಯೆ ಹೋಗಿ ಒಟಿಪಿ ಕಾಯೋ ಪಾಡು ಬೇಡ. "ರೂಪಾಯಿಯಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ರೇಟು ಅವರದು. ಆಮೇಲೆ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಹಡಗಿನ ನೆಟ್‌ವರ್ಕ್‌ಗೆ ಸಿಕ್ಕಿಹಾಕಿಕೊಂಡರೆ ಟಿಪ್ಸ್ ಲೆಕ್ಕ ಏನೂ ಅಲ್ಲ ಅನಿಸುತ್ತೆ.

ಅಡಿಕೆಮನೆ, ತೀರ್ಥಹಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಟ್ರಾವೆಲ್ಸ್‌ಗೆ ಫೋನ್ ಮಾಡಿದೆ, ಟಿಪ್ಸ್ ಕಟ್ಟಿಲ್ಲವಂತೆ, ಲೆಕ್ಕ ಯುಎಸ್ ಡಾಲರ್‌ನಲ್ಲಂತೆ. ಮೊದಲ ದಿನವೇ 600 ಡಾಲರ್ ಠೇವಣಿ ಇಡುವುದು ಅಂತ ಮಾಡಿದ್ದೇವೆ, ನನ್ನ ಕಾರ್ಡ್ ಜೇಬಲ್ಲೇ ಇರುತ್ತೆ, ಆಪತ್ತಿಗೆ. ಅಮ್ಮನ ಕಾರ್ಡ್‌ಗೆ ಖರ್ಚು ಬಿಡುವುದು, ಅಪ್ಪಯ್ಯನದಕ್ಕೆ ಬಂದ್. ಅದನ್ನು ಅವರೇ ಹೇಳಿದ್ದು!

ಮಂಡಿ ಉಲ್ಟಾ ಅನ್ನುವ ಮಾತು ಜಗುಲಿಯಲ್ಲಿ ಕೂತು ಹೇಳಿದೆ. ಕವಳ ಜಗಿಯುತ್ತಾ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ, "ದುಡ್ಡು ಇಟ್ಟದ್ದಕ್ಕೆ ಚೀಟಿ ಕೊಡ್ತಾರಾ?"

ಹಡಗಿನ_ಮಾಣಿ, ಸಾಗರ

ಕೊಡ್ತಾರೆ. ದಿನಾ ಹೋಗಿ ಕೇಳಿದರೂ ಪ್ರಿಂಟ್ ಹಾಕಿ ಕೊಡ್ತಾರೆ. ಬೆಳಿಗ್ಗೆ ಆರಕ್ಕೆ ಹೋಗಲಿ, ಯಾರೂ ಇರಲ್ಲ.