ಕಡಲತೀರದಲ್ಲಿ ಇನುಯಿಟ್ ಕಲೆ

ಪ್ರಶ್ನೆ: ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 2017ರಿಂದ ಎರಡು ವರ್ಷಕ್ಕೊಮ್ಮೆ ಕಡಲಂಚಿನ ಊರುಗಳಲ್ಲಿ ನಡೆಯುವ ಬೊನವಿಸ್ಟಾ ಬಿನಾಲೆ ಎಂಬ ಕಲಾ ಉತ್ಸವದ ಬಗ್ಗೆ ಓದುತ್ತಿದ್ದೇನೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕೆತ್ತನೆಗಳಿಗೆ ಹೆಸರಾದ, ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಕಲಾವಿದರು ತೆರೆದ ಕಡಲತೀರಕ್ಕೆ ದೊಡ್ಡ ಕೃತಿಗಳನ್ನು ರಚಿಸಿದ್ದಾರೆಯೇ?

ಉತ್ತರ 1: ರಚಿಸಿದ್ದಾರೆ. ವ್ಯಾಂಕೂವರ್‌ನ ಇಂಗ್ಲಿಷ್ ಬೇ ದಡದಲ್ಲಿ, ರಾಂಕಿನ್ ಇನ್ಲೆಟ್‌ನ ಆಲ್ವಿನ್ ಕನಾಕ್ ಅವರು 1986ರ ಎಕ್ಸ್‌ಪೋ ಎಂಬ ವಿಶ್ವ ಮೇಳಕ್ಕಾಗಿ ರೂಪಿಸಿದ ಇನುಕ್ಷುಕ್ (ಕಲ್ಲು ಪೇರಿಸಿ ನಿಲ್ಲಿಸುವ ಇನುಯಿಟ್ ಗುರುತು) ಇದೆ. ಬೂದು ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತು, ತೋಳು ಚಾಚಿ ನಿಂತ ಮನುಷ್ಯನ ಆಕಾರ ತಾಳಿವೆ; ಹಿಂದೆ ನೀರು, ಆಕಾಶ ಮಾತ್ರ ಇರುವುದರಿಂದ ಕಲ್ಲಿನ ತೂಕ ಎದ್ದು ಕಾಣುತ್ತದೆ.

ಉತ್ತರ 2: ಭವ್ಯವಾದ ಕೃತಿ, ನಿಜ. ಆದರೆ ಆರ್ಕ್ಟಿಕ್‌ನಲ್ಲಿ ಇಂತಹ ಕಲ್ಲುರಾಶಿಗಳು ದಾರಿಯನ್ನೂ ಕ್ಯಾರಿಬೂ (ಹಿಮಸಾರಂಗ) ಬೇಟೆಯ ಜಾಗವನ್ನೂ ತೋರಿಸುತ್ತವೆ. 2010ರ ಚಳಿಗಾಲದ ಒಲಿಂಪಿಕ್ಸ್ ಲಾಂಛನವಾಗಿ ಮನುಷ್ಯಾಕಾರದ ಇನುಕ್ಷುಕ್ ಬಂದಾಗ, ನಿಜವಾದುದಕ್ಕೆ ತಲೆ, ಕೈಕಾಲುಗಳಿರುವುದಿಲ್ಲವೆಂದು ಕೆನಡಾದ ಉತ್ತರದ ಪ್ರಾಂತ್ಯವಾದ ನುನಾವುಟ್‌ನ ಮಾಜಿ ಕಮಿಷನರ್ ಪೀಟರ್ ಇರ್ನಿಕ್ ಆಕ್ಷೇಪಿಸಿದ್ದರು. ಉತ್ಸವಗಳ ಆಯೋಜಕರು ಈ ಹಿನ್ನೆಲೆಯನ್ನು ಕೃತಿಯ ಪಕ್ಕದ ಫಲಕದಲ್ಲಿ, ಕಲಾವಿದರ ಮಾತಿನಲ್ಲೇ ಬರೆಸಲೇಬೇಕು.