ಅಪ್‌ಡೇಟ್: ಮರ ಏರಲಿಲ್ಲ, ಬದುವಿನಾಗೇ ಕುಂತೆ

ಬೀದರ್ ಹತ್ರ ನಮ್ಮ ತೊಗರಿ ಹೊಲಕ್ಕೆ ಬರೋ ಚಿಗರಿ (ಕೃಷ್ಣಮೃಗ) ಫೋಟೊ ತೆಗೀಲಿಕ್ಕೆ ಬೇವಿನ ಮರ ಏರಲೋ, ನೆಲದಾಗೇ ಕೂಡಲೋ ಅಂತ ಹೋದ ತಿಂಗಳು ಕೇಳಿದ್ದೆ. ನೀವೆಲ್ಲ ಹೇಳಿದಂಗ ನೆಲದಾಗೇ ಕುಂತೆ.

ಮೊದಲ ಎರಡು ದಿನ ಗಾಳಿ ಬೆನ್ನಿನ ಕಡೆಯಿಂದ ಬೀಸ್ತಿತ್ತು. ನನ್ನ ವಾಸನೆ ಹತ್ತಿದ್ದೇ ತಡ, ಜಿಗಿದು ಓಡಿದವು. ಮೂರನೇ ದಿನ ಗಾಳಿ ಮುಖಕ್ಕ ಬಡಿಯೋ ಹಂಗ ಜಾಗ ಬದಲಿಸಿ, ಕಂಬಳಿ ಹೊದ್ದು, ನಸುಕಿನಾಗೇ ಕುಂತೆ. ಒಂದು ಗಂಡು ಮೂವತ್ತು ಹೆಜ್ಜೆಗೆ ಬಂತು! ತಿರುಚಿದ ಕೊಂಬು, ಕಣ್ಣಿನ ಸುತ್ತ ಬಿಳಿ ಉಂಗುರ, ಮೂಗಿನ ಮ್ಯಾಲೆ ಇಬ್ಬನಿ. ಉಸಿರು ಬಿಗಿ ಹಿಡಿದೆ. ಮರದ ಮ್ಯಾಲಿದ್ದರ ಬರೀ ಬೆನ್ನು ಕಾಣ್ತಿತ್ತು.

ಬಿಲ್ಲು-ಬಾಣದಿಂದ ಬೇಟೆ ಆಡೋ ಮಾತು ತೆಗೆದ ಅಣ್ಣಾರ, ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಾಗ ಅದ. ಬೇಟೆ ಆಡಿದರ ಜೈಲು. ದಯವಿಟ್ಟು ಆ ವಿಚಾರ ಬಿಡ್ರಿ.

ಈ ವಾರ ಮತ್ತ ಹೋಗ್ತೀನಿ, ಮರಿ ಇರೋ ಹೆಣ್ಣೊಂದು ಅಲ್ಲೇ ಮೇಯಲಿಕ್ಕತ್ತದ.