ಅಪ್‌ಡೇಟ್: ಮೂಲೆಯಲ್ಲಿ ಏರುತ್ತಲೇ ಹೋದ ಸ್ಟ್ರೆಸ್

ಬೇಸಿಗೆ ಸಂಶೋಧನೆಯ ಸಿಮ್ಯುಲೇಶನ್‌ನಲ್ಲಿ ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ಸಣ್ಣ ತುಂಡುಗಳಾಗಿ ವಿಭಾಗಿಸುವ ಜಾಲ) ಸೂಕ್ಷ್ಮವಾದಷ್ಟೂ ಎಲ್ ಆಕಾರದ ಬ್ರಾಕೆಟ್‌ನ ಒಳಮೂಲೆಯ ಸ್ಟ್ರೆಸ್ (ವಸ್ತುವಿನೊಳಗೆ ಪ್ರತಿ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ) ಏರುತ್ತಲೇ ಇದೆ, ಸಾಫ್ಟ್‌ವೇರ್‌ನಲ್ಲಿ ದೋಷವಿದೆಯೇ ಎಂದು ಕೇಳಿದ್ದೆ. ದೋಷವಿರಲಿಲ್ಲ. ಬಲಕ್ಕೆ ತಕ್ಕ ಅನುಪಾತದಲ್ಲೇ ವಸ್ತು ವಿರೂಪಗೊಳ್ಳುತ್ತದೆ ಎಂದು ಭಾವಿಸುವ ರೇಖೀಯ ಸ್ಥಿತಿಸ್ಥಾಪಕ ಸಿದ್ಧಾಂತದ ಪ್ರಕಾರ ಚೂಪಾದ ಒಳಮೂಲೆಯಲ್ಲಿ ಸ್ಟ್ರೆಸ್ ಅನಂತ. ಮೆಶ್ ಎಷ್ಟು ಸಣ್ಣದಾದರೂ ಅಂಕಿ ನಿಲ್ಲುವುದಿಲ್ಲ. ನಿಜವಾದ ಬಿಡಿಭಾಗದಲ್ಲಿದ್ದ 3 ಮಿ.ಮೀ. ತ್ರಿಜ್ಯದ ದುಂಡನ್ನು ಮಾದರಿ ಸರಳವಾಗಲೆಂದು ತೆಗೆದಿದ್ದೆ. ಅದನ್ನು ಮರಳಿ ಸೇರಿಸಿದೆ. ನಾಲ್ಕನೆಯ ಮೆಶ್‌ನ ಹೊತ್ತಿಗೆ ಸ್ಟ್ರೆಸ್ ಅಂಕಿ ಸ್ಥಿರವಾಯಿತು. ತುದಿಯ ಬಾಗು ಮಾತ್ರ ಮೊದಲಿನಿಂದಲೂ ಬಹುತೇಕ ಬದಲಾಗದೆ ಇತ್ತು, ಇದು ನನಗೆ ನಿಜಕ್ಕೂ ಅಚ್ಚರಿ.

“ಮೊದಲು ತೊಲೆಯ ಸೂತ್ರದಿಂದ ಕೈಲೆಕ್ಕ ಮಾಡಿ ನೋಡಿ” ಎಂದವರಿಗೆ ಮನಸಾರೆ ಕೃತಜ್ಞತೆ. ಕೈಲೆಕ್ಕದ ಮತ್ತು ಸಿಮ್ಯುಲೇಶನ್ನಿನ ಅಂಕಿಗಳು ಹತ್ತಿರ ಬಂದಾಗ ಆದ ಸಂತೋಷ ದೊಡ್ಡದು. ಮುಂದಿನ ವಾರದಿಂದ ತ್ರಿಜ್ಯ ಬದಲಿಸುತ್ತಾ ಲೋಹದ ದಣಿವನ್ನು (ಮತ್ತೆ ಮತ್ತೆ ಬೀಳುವ ಭಾರದಿಂದ ಲೋಹ ದುರ್ಬಲವಾಗುವುದನ್ನು) ಲೆಕ್ಕ ಹಾಕಲಿದ್ದೇನೆ.